ಸೀಮೆ ಟಗರಿನ ಮರಿಗಳು

ನನ್ನ ಅವ್ವನಿಗೆ,

ನಿನಗೆ ಓದಲು ಬರುತ್ತಿರಲಿಲ್ಲ. ಮಠದ ಅಯ್ಯನವರ ಹತ್ತಿರ ನಾನು ನಾಲ್ಕಕ್ಷರ ಕಲಿತದ್ದಕ್ಕೆ ನಿನಗೆ ಹೆಮ್ಮೆಯೂ ಇತ್ತು, ನಗುವೂ ಇತ್ತು. ಈಗ ನೀನಿರುವಲ್ಲಿ ಯಾರಾದರೂ ಇದನ್ನು ಓದಿ ಹೇಳುತ್ತಾರೋ ಏನೋ. ಹೇಳದಿದ್ದರೂ ಬರೆಯದೆ ಇರಲಾರೆ. ನೀನು ಹೋಗಿ ವರ್ಷ ದಾಟಿತು, ನಾನು ಮಾಡಿದ್ದು ಸರಿಯೋ ತಪ್ಪೋ ಇನ್ನೂ ತಿಳಿಯುತ್ತಿಲ್ಲ.

ನಾನು ಚಿಕ್ಕವನಿದ್ದಾಗ ಹಬ್ಬಕ್ಕೆ ಕುರಿ ಕೊಯ್ದ ದಿನ, ಅದರ ಹೊಟ್ಟೆಯ ನಾಲ್ಕು ಚೀಲಗಳನ್ನು ನೀನು ಬಿಡಿಸಿ ತೋರಿಸಿದ್ದೆ. ದೊಡ್ಡದರ ತುಂಬ ಅರ್ಧ ಅಗಿದ ಹುಲ್ಲು. ಕುರಿ ನೆರಳಲ್ಲಿ ಮಲಗಿ ಮೆಲುಕು ಹಾಕುವುದು ಇದನ್ನೇ ಎಂದು ನೀನು ಹೇಳಿದೆ. ಎರಡನೆಯದು ಜೇನುಗೂಡಿನ ಹಾಗಿತ್ತು. ಮೂರನೆಯದನ್ನು ತೊಳೆದು, ಪದರ ಪದರವಾಗಿ ಬಿಡಿಸಿ, "ನಿಮ್ಮಯ್ನೋರ ಪುಸ್ತಕದಾಗೆ ಇಷ್ಟು ಹಾಳೆ ಅದಾವೇನ್ಲೇ?" ಎಂದು ನಕ್ಕೆ. ನಾಲ್ಕನೆಯದರ ಬಗ್ಗೆ ನೀನು ಏನೋ ಹೇಳಲು ಹೊರಟಿದ್ದೆ, ಅಷ್ಟರಲ್ಲಿ ಅಪ್ಪ ಕರೆದ. ಆಮೇಲೆ ನಾನೂ ಕೇಳಲಿಲ್ಲ.

ನಾನು ಆ ಸೀಮೆ ಟಗರನ್ನು ಹೊಡೆದುಕೊಂಡು ಬಂದ ಸಂಜೆ ನಿನ್ನ ಮುಖ ಹೇಗಿತ್ತು! ಚಳ್ಳಕೆರೆಗೆ ಬಂದಿದ್ದ ಸರ್ಕಾರದ ಸಾಹೇಬರು ನನಗೆ ಚೆನ್ನಾಗಿ ತಲೆತುಂಬಿದ್ದರು. ನಮ್ಮ ಕರಿ ಕುರಿಯ ಉಣ್ಣೆ ಬರೀ ಒರಟಂತೆ. ಈ ಬಿಳಿ ಟಗರಿನ ತಳಿ ಬೆರೆತರೆ ಮರಿಗಳ ಮೈ ದೊಡ್ಡದಾಗಿ, ಉಣ್ಣೆ ಮೊಳಕಾಲ್ಮೂರಿನ ರೇಷ್ಮೆಯ ಹಾಗೆ ಆಗುತ್ತದಂತೆ. ನೀನು ಟಗರನ್ನು ಒಂದು ಸುತ್ತು ಸುತ್ತಿ ನೋಡಿದೆ. "ಕಣ್ಣ ಮ್ಯಾಲೆಲ್ಲ ಉಣ್ಣೆ ಬಿದ್ದೈತೆ. ಇದುಕ್ಕೆ ಜಾಲಿ ಮುಳ್ಳು ಹೆಂಗ್ ಕಾಣಬೇಕು?" ಎಂದೆ. ನಾನು ರೇಗಿದೆ. "ನಿಂಗೆ ಹೊಸದು ಅಂದ್ರೇನೇ ಆಗಲ್ಲ ಬಿಡವ್ವ" ಎಂದೆ. ಅಂದಿನಿಂದ ನಾವಿಬ್ಬರೂ ಟಗರಿನ ಮಾತೆತ್ತಲಿಲ್ಲ. ಅಂದದ್ದು ನನಗೆ ಈಗಲೂ...

ಪ್ಲೇಗು ಬಂದು ಊರೆಲ್ಲ ಹೊಲದ ಗುಡಿಸಲು ಸೇರಿದಾಗ ನಿನಗೆ ಜ್ವರ ಬಂತು. ಮೂರನೆಯ ದಿನ ನನ್ನ ಕೈ ಹಿಡಿದು, "ಆ ಟಗರನ್ನ ಬ್ಯಾರೆ ಕಟ್ಟು ಮಗ, ಎಲ್ಲಾವುಕ್ಕೂ..." ಎಂದೆ. ಅಷ್ಟೇ. ಮುಂದಿನ ಮಾತು ಬರಲಿಲ್ಲ, ಬೆಳಗಾಗುವಷ್ಟರಲ್ಲಿ ನೀನೂ ಇರಲಿಲ್ಲ. ಎಲ್ಲವಕ್ಕೂ ಏನವ್ವ? ಕೊನೆಗಳಿಗೆಯಲ್ಲೂ ನಿನಗೆ ಆ ಟಗರಿನ ಮೇಲೆ ಸಿಟ್ಟೇ ಇತ್ತೆಂದುಕೊಂಡೆ. ನೀನು ಹೀಗೆ ಹೋದೆಯೆಂಬ ದುಃಖವೋ, ನನ್ನ ಹಟವೋ, ಟಗರನ್ನು ಇಡೀ ಹಿಂಡಿಗೆ ಬಿಟ್ಟುಬಿಟ್ಟೆ.

ಮರಿ ಹಾಕುವ ಕಾಲ ಬಂದಾಗ ದೊಡ್ಡ ಕುರಿಗಳು ಸಲೀಸಾಗಿ ಈದವು. ಚೊಚ್ಚಲ ಕುರಿಗಳಿಗೆ ಆಗಲಿಲ್ಲ. ಮರಿಯ ತಲೆ ದೊಡ್ಡದು, ತಾಯಿಯ ಸೊಂಟ ಸಣ್ಣದು. ಎರಡು ಕುರಿ ನನ್ನ ಕಣ್ಣೆದುರೇ ಸತ್ತವು. ಮೂರನೆಯದು, ನೀನು ಕೈತುತ್ತು ಹಾಕಿ ಸಾಕಿದ ಚುಕ್ಕಿ. ಮೂತಿ ಹೊರಗೆ ಬಂದಿದೆ, ಒಂದೇ ಕಾಲು ಕಾಣುತ್ತಿದೆ. ನನ್ನ ದಪ್ಪ ಕೈ ಒಳಗೆ ಹೋಗದು. ಆಗ ನಿನ್ನ ಸೊಸೆ ಗಂಗಮ್ಮ ಬಳೆ ತೆಗೆದಿಟ್ಟು, ಮೊಣಕೈವರೆಗೆ ಹರಳೆಣ್ಣೆ ಬಳಿದುಕೊಂಡು, "ಸರೀರಿ ಅತ್ಲಾಗೆ" ಎಂದಳು.

ಮರಿಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದಳು. ಕಣ್ಣು ಮುಚ್ಚಿ ಒಳಗೆ ಹುಡುಕಿದಳು. "ಕಾಲು ಹಿಂದಕ್ಕೆ ಮಡಚೈತೆ" ಎಂದವಳೇ ಗೊರಸನ್ನು ಅಂಗೈಯಲ್ಲಿ ಮುಚ್ಚಿಕೊಂಡು, ತಾಯಿಗೆ ಗೀರದ ಹಾಗೆ ಮುಂದಕ್ಕೆ ತಂದಳು. ಚುಕ್ಕಿ ತಿಣುಕಿದಾಗ ಎಳೆದಳು, ಬಿಟ್ಟಾಗ ಬಿಟ್ಟಳು. ಮರಿ ಜಾರಿ ನನ್ನ ಮಡಿಲಿಗೇ ಬಿತ್ತು.

"ಯಾರು ಕಲಿಸಿದ್ದು?" ಎಂದೆ.

"ಅತ್ತೆಮ್ಮ. ನೀವು ಕುದಾಪುರದ ಹುಲ್ಲುಗಾವಲಿಗೆ ಕುರಿ ಹೊಡಕೊಂಡು ಹೋಗಿದ್ರಲ್ಲ, ಆವಾಗ. ಟಗರಿನ ತಲೇನ ಗೇಣಿನಾಗೆ ಅಳದು, 'ಎರಡು ಸಲ ಈದಿರೋವುಕ್ಕೆ ಮಾತ್ರ ಇದನ್ನ ಬಿಡಬೇಕು, ಚೊಚ್ಚಲಿಗೆ ನಮ್ದೇ ಟಗರು' ಅಂದಿದ್ರು."

"ನಂಗ್ಯಾಕೆ ಹೇಳಲಿಲ್ಲ?"

"ನೀವು ಕೇಳಿದ್ರಾ?"

ನಾನು ಯಾರನ್ನು ಕೇಳಿದ್ದೆ ಅವ್ವ? ಹಾಗಾದರೆ ನಿನಗೆ ಟಗರು ಬೇಡವಾಗಿರಲಿಲ್ಲವೇ? ಬೇಕಿತ್ತೇ? ಗಂಗಮ್ಮನನ್ನು ಕೇಳಿದರೆ, "ಅದು ನಂಗೂ ಗೊತ್ತಿಲ್ಲ" ಅನ್ನುತ್ತಾಳೆ. ಸತ್ತ ಎರಡು ಕುರಿ ಯಾರ ತಪ್ಪು ಎಂದು ಮಾತ್ರ ನನಗೆ ಗೊತ್ತು.

ಈಗ ನಿನಗೆ ತಿಳಿಯದ ಸುದ್ದಿ. ಮರಿಗಳು ಎತ್ತರವಾಗಿವೆ, ಆದರೆ ಬಿಸಿಲಿಗೆ ನಮ್ಮವಕ್ಕಿಂತ ಬೇಗ ಏದುಸಿರು ಬಿಡುತ್ತವೆ. ಮೊದಲ ಉಣ್ಣೆ ಕತ್ತರಿಸಿ ಚಳ್ಳಕೆರೆಯ ಮುದುಕ ನೇಕಾರನಿಗೆ ಕೊಟ್ಟೆ. ಅವನು ಕಂಬಳಿ ನೇಯ್ದ. ಹುಣಸೆ ಬೀಜದ ಗಂಜಿ ಹಾಕಿದರೂ ಅದು ಸೆಟೆದು ನಿಲ್ಲಲಿಲ್ಲ. ಅವನು ಅದರ ಮೇಲೆ ಒಂದು ಚೊಂಬು ನೀರು ಸುರಿದ. ಕಂಬಳಿ ಎಲ್ಲವನ್ನೂ ಕುಡಿಯಿತು. "ಮಳ್ಯಾಗೆ ಕುರಿ ಕಾಯೋನಿಗೆ ಇದು ಬರಲ್ಲಪ್ಪ. ಮೆತ್ತಗೈತೆ, ಅದೇನೋ ನಿಜ" ಎಂದ. ಅದು ಹೊಗಳಿಕೆಯೋ ಬೈಗುಳವೋ?

ಟಗರನ್ನು ಮಾರಿಲ್ಲ. ಈ ಸಲ ಯಾವ ಕುರಿಗೆ ಯಾವ ಟಗರು ಎಂದು ಗಂಗಮ್ಮನೇ ಆರಿಸುತ್ತಾಳೆ, ನಾನು ಬಾಯಿ ಹಾಕುವುದಿಲ್ಲ. ಇದು ನಿನಗೆ ಕೊಡುವ ಮಾತು.

ಆ ಮೆತ್ತನೆ ಕಂಬಳಿಯನ್ನು ಅಪ್ಪನಿಗೆ ಹೊದಿಸಿದೆ. ಬೆಳಿಗ್ಗೆ ಎದ್ದು ನನ್ನನ್ನು ಬೈದ: "ಚುಚ್ಚೋದೇ ಇಲ್ಲವಲ್ಲೋ ಇದು, ನಿದ್ದೆ ಎಲ್ಲಿಂದ ಬಂದಾತು!" ಕಂಬಳಿಯನ್ನು ಮಾತ್ರ ಅವನು ವಾಪಸು ಕೊಡುತ್ತಿಲ್ಲ.

ನಿನ್ನ ಮಗ