ಶಿಳ್ಳೆ ನಿಂತ ಗಾಡಿ

ಯೂದನ್,

ತರಕಾರಿ ಲಾರಿ ಬಂತು, ಲಾವಾಸ್ ಪೇಟೆಗೆ ಹೊರಟೆ. ನಾನು ಬರುವತನಕ ಗಾಡಿಯ ಟರ್ಬೊ ಬಿಚ್ಚಬೇಡ. ನೀನು ಬಿಚ್ಚಿದ್ದನ್ನು ಮತ್ತೆ ಜೋಡಿಸಿದ್ದು ನಾನಂತೂ ಕಂಡಿಲ್ಲ.

ನಿನ್ನೆ ಅದನ್ನು ಅಲ್ಲಾಡಿಸಿ ನೋಡಿದೆ. ಒಳಗೆ ಗಾಳಿ ಒತ್ತುವ ಚಕ್ರ ಸಡಿಲವಾಗಿಲ್ಲ, ಎಣ್ಣೆಯೂ ಸೋರಿಲ್ಲ. ಏರಿನಲ್ಲಿ ಮಾತ್ರ ಗಾಡಿ ಎಳೆಯುವುದಿಲ್ಲ, ಟರ್ಬೊದ ಶಿಳ್ಳೆಯೂ ಇಲ್ಲ, ಕಪ್ಪು ಹೊಗೆ ಬಿಡುತ್ತದೆ. ಅಪ್ಪ ಹೇಳುತ್ತಿದ್ದದ್ದು ಮರೆತೆಯಾ? "ಶಿಳ್ಳೆ ನಿಂತು ಬುಸ್ ಅಂದ್ರೆ ಪೈಪಲ್ಲಿ ಗಾಳಿ ಹೋಗ್ತಿದೆ ಕಣೋ, ಟರ್ಬೊನ ಯಾಕೆ ಬೈತೀಯ?"

ಟರ್ಬೊದಿಂದ ಎಂಜಿನ್ನಿಗೆ ಹೋಗುವ ಪೈಪಿಗೆ ಸೋಪಿನ ನೀರು ಹಚ್ಚಿ, ಯಾರನ್ನಾದರೂ ಕೂರಿಸಿ ಆಕ್ಸಿಲರೇಟರ್ ಒತ್ತಿಸು. ಗುಳ್ಳೆ ಎದ್ದಲ್ಲಿ ತೂತು. ಅಪ್ಪ ಸುತ್ತಿದ್ದ ರಬ್ಬರಿನ ಕೆಳಗೇ ಇರುತ್ತದೆ. ಅದು ನನ್ನ ಹಳೇ ಸೈಕಲ್ಲಿನ ಟ್ಯೂಬು, ಎಸೆಯಬೇಡ, ನನಗೆ ಬೇಕು. ಅವನು ತಂದಿಟ್ಟ ಹೊಸ ಪೈಪು ಇನ್ನೂ ಅಕ್ಕಿ ಡಬ್ಬದ ಹಿಂದೆಯೇ ಇದೆ.

ಹಾಕಿದ ಮೇಲೆ ಗುಡ್ಡ ಹತ್ತಿಸಿ ನೋಡು. ಆದರೆ ಅಮ್ಮನಿಗೆ ಹೇಳಿ ಹೋಗು. ಗುಡ್ಡದ ತಿರುವಿನಲ್ಲಿ ಶಿಳ್ಳೆ ಕೇಳಿತೆಂದರೆ ಅಪ್ಪ ಬಂದನೆಂದು ಅವಳು ಎಲೆ ಹಾಸಿ ಒಬ್ಬೊಬ್ಬರ ಅನ್ನವನ್ನೂ ಅದರಲ್ಲಿ ಸುತ್ತಲು ಕೂರುತ್ತಿದ್ದಳು. ಅವನು ತೀರಿಕೊಂಡ ಮೇಲೆ ಗಾಡಿ ಒಮ್ಮೆಯೂ ಶಿಳ್ಳೆ ಹಾಕಿಲ್ಲ. ಇಷ್ಟು ದಿನದ ಮೇಲೆ ಕೇಳಿದರೆ, ಅವನಿಗೂ ಒಂದು ಎಲೆ ಹಾಸಿಬಿಟ್ಟಾಳು.

ರಿನಿಂಗ್ ಅಕ್ಕ