ಅಮ್ಮನ ಬೆನ್ನಿಗೆ ಸಿಮೆಂಟು

ಅಪ್ಪಾ,

ನೀನು ಹೋಗಿ ನಾಲ್ಕು ವರ್ಷವಾದರೂ ನಿನ್ನ ಗಾರೆ ಮೇಸ್ತ್ರಿತನ ಈ ಮನೆ ಬಿಟ್ಟು ಹೋಗಿಲ್ಲ. ಮೂಳೆ ಸವೆದು ಅಮ್ಮನ ಬೆನ್ನಿನ ಒಂದು ಮಣಿ ಕುಸಿದಿತ್ತು. ಮೊನ್ನೆ ಹಿಂದೂಪುರದ ಡಾಕ್ಟರು ಬೆನ್ನು ಕೊಯ್ಯದೆ, ಸೂಜಿಯಲ್ಲೇ ಅದರೊಳಗೆ ಸಿಮೆಂಟು ತುಂಬಿದರು. ಮಾರನೇ ದಿನವೇ ಅಮ್ಮ ಎದ್ದು ಓಡಾಡಿದಳು. ತುಂಬಿದ್ದು ಸಿಮೆಂಟು ಎಂದು ನಾನು ಅವಳಿಗೆ ಹೇಳಬಾರದಿತ್ತು, ಹೇಳಿಬಿಟ್ಟೆ.

ಇವತ್ತು ಡಾಕ್ಟರು ಪಟ್ಟಿ ಬಿಚ್ಚಲು ಹೋದರೆ, ಸೀರೆಯೊಳಗೆ ಬೆನ್ನಿಗೆ ಸುತ್ತಿಕೊಂಡ ಒದ್ದೆ ಗೋಣಿಚೀಲ!

"ಇದೇಮಿಟಮ್ಮಾ?" ಇದೇನೆಂದು ಡಾಕ್ಟರು ತೆಲುಗಿನಲ್ಲೇ ಕೇಳಿಬಿಟ್ಟರು.

"ಕ್ಯೂರಿಂಗು ಕಣಪ್ಪ. ಏಳು ದಿನ ನೀರು ಕುಡಿಸ್ದಿದ್ರೆ ಬಿರುಕು ಬಿಡ್ತದೆ."

"ಅದು ಹತ್ತೇ ನಿಮಿಷಕ್ಕೆ ಗಟ್ಟಿಯಾಯ್ತಮ್ಮಾ. ನೀರು ತಾಗಿದ್ರೆ ಗಾಯದಲ್ಲಿ ಕೀವಾಗುತ್ತೆ."

"ಹತ್ತು ನಿಮಿಷದ ಕೆಲಸವಾ? ನಮ್ಮೆಜಮಾನ್ರು ಇದ್ದಿದ್ರೆ ನಿನ್ನ ಕೆಲಸದಿಂದ ತೆಗೆದಾಕ್ಬುಡೋರು."

ಡಾಕ್ಟರು ನಕ್ಕರು. ನಾನೂ ನಕ್ಕೆ.

ಕಲ್ಯಾಣದುರ್ಗದಲ್ಲಿ ನೀನು ಕಟ್ಟಿದ ನಮ್ಮ ಮನೆಗೆ ಇಂದಿಗೂ ಒಂದು ಬಿರುಕಿಲ್ಲ, ಅಪ್ಪಾ. ಬೋರಿನಿಂದ ಕೊಡ ಹೊತ್ತು ಆ ಗೋಡೆಗಳಿಗೆ ನೀರು ಕುಡಿಸಿದವಳು ಅಮ್ಮ ಒಬ್ಬಳೇ. ನಾವಿಬ್ಬರೂ ಬೇವಿನ ನೆರಳಲ್ಲಿ ಕೂತು "ಇನ್ನೊಂದು ಕೊಡ" ಎನ್ನುತ್ತಿದ್ದೆವು.

ರಮ್ಯಾ