ಟೀವಿಯಲ್ಲಿ ಅವಳು ಕಂಡದ್ದು

ಮಂಗಳವಾರ, ೧೪

ಪೂರ್ತಿ ಪ್ರಜ್ಞೆ ತಪ್ಪಿಸುವ ಯಂತ್ರ ನಮ್ಮ ಸಣ್ಣ ಆಸ್ಪತ್ರೆಯಲ್ಲಿಲ್ಲ. ಸೊಂಟಕ್ಕೆ ಇಂಜೆಕ್ಷನ್ ಕೊಟ್ಟು ಕೆಳಭಾಗವನ್ನಷ್ಟೇ ಮರಗಟ್ಟಿಸಿ, ಹೊಟ್ಟೆಯ ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸಿ, ಮಾಮೂಲಿ ಟೀವಿಯಲ್ಲಿ ನೋಡುತ್ತೇನೆ. ಈ ಅಗ್ಗದ ಉಪಾಯದ ಬಗ್ಗೆ ನನಗೆ ಜಂಬವಿತ್ತು.

ಇವತ್ತಿನ ಹೆಂಗಸು, ಮೊದಲ ಮಗು ಹೆರಿಗೆಯಲ್ಲೇ ತೀರಿಹೋದ ಮೇಲೆ ಮತ್ತೆ ಬಸಿರಾಗಲಿಲ್ಲವೆಂದು ಬಂದವಳು. ಎಚ್ಚರವಾಗಿದ್ದು ತಾನೂ ಟೀವಿ ನೋಡುತ್ತಿದ್ದಳು.

ಎರಡೂ ಗರ್ಭನಾಳ ಕಟ್ಟಿದ್ದು ಕಂಡು, "ಸಂತಾನಹರಣ ಆಪರೇಷನ್ ಆಗಿದೆಯಲ್ಲ," ಎಂದುಬಿಟ್ಟೆ.

"ಯಾರಿಗೆ ಡಾಕ್ಟ್ರೇ?"

ಹೊರಗಿದ್ದ ಗಂಡನನ್ನು ಕೇಳಿದೆ. "ಮೊದಲನೇ ಹೆಂಡ್ತಿ ಮಕ್ಕಳೇ ಸಾಕಿತ್ತು. ಇವಳ ಹೆರಿಗೆ ಆಪರೇಷನ್ನಲ್ಲೇ, ಇವಳಿಗೆ ಹೇಳ್ದೆ, ಅದನ್ನೂ ಮಾಡಿಸಿದ್ದೆ. ಇವಳು ಎಚ್ಚರ ಇದ್ಳಾ?"

"ಇದ್ದರು. ನೋಡಿದರು."

"ಇಲ್ಲಿ ಎಚ್ಚರ ಇಡ್ತೀರಂತ ಗೊತ್ತಿದ್ರೆ ದೊಡ್ಡಾಸ್ಪತ್ರೆಗೇ ಹೋಗ್ತಿದ್ದೆ. ಅಲ್ಲಿ ಪೂರ್ತಿ ಮಲಗಿಸ್ತಾರೆ."

ವಾರ್ಡಿಗೆ ಹೋಗಿ ಅವಳ ಮಂಚದ ಮೇಲೆಯೇ ಕೂತ. ಅವಳ ಕಾಲುಗಳು ಇನ್ನೂ ಮರಗಟ್ಟಿದ್ದವು, ಎದ್ದು ಹೋಗಲಾರಳು. ಮುಖವನ್ನಷ್ಟೇ ಗೋಡೆಗೆ ತಿರುಗಿಸಿದಳು. ನಾನು ಬಾಗಿಲಲ್ಲಿ ನಿಂತು, ಅವಳ ಕಾಲಿಗೆ ಬಲ ಬರುವವರೆಗೆ ಹೊರಗಿರಿ ಎಂದು ಅವನನ್ನು ಕರೆದೆ.